ಹಾಲುಣಿಸುವಾಗ ಮೊಲೆತೊಟ್ಟಿನ ನೋವು: ಎಲ್ಲವೂ ಶಿಲೀಂಧ್ರ ಸೋಂಕಲ್ಲ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4000 ಮಿ.ಮೀ. ಮಳೆಯಾಗುತ್ತದೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುತ್ತದೆ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೆ ಇದು ಕೊಳೆರೋಗದ ಕಾಲ. ಒಗೆದ ಬಟ್ಟೆ ಎರಡು ದಿನ ಕಳೆದರೂ ಒಣಗದ, ಗೋಡೆಯ ಮೇಲೂ ಚರ್ಮದ ಚಪ್ಪಲಿಯ ಮೇಲೂ ಬೂಷ್ಟು ಹಿಡಿಯುವ ಈ ದಿನಗಳಲ್ಲಿ ಎಳೆಮಗುವಿಗೆ ಹಾಲುಣಿಸುತ್ತಿರುವ ತಾಯಂದಿರು ಪಡುವ ತೊಂದರೆಯೊಂದರ ಬಗ್ಗೆ ಕೃಷಿ ತರಬೇತಿಗಳಲ್ಲಿ ಯಾರೂ ಮಾತನಾಡುವುದಿಲ್ಲ. ಅದು ಮೊಲೆತೊಟ್ಟಿನ ನೋವು.

ಬೇಸಾಯಶಾಸ್ತ್ರದ ವಿಜ್ಞಾನಿಯೊಬ್ಬರು ಈ ವಿಷಯವನ್ನು ಏಕೆ ಬರೆಯಬೇಕು ಎಂದು ಓದುಗರು ಕೇಳಬಹುದು. ಬೋರ್ಡೋ ದ್ರಾವಣ ತಯಾರಿಕೆಯ ತರಬೇತಿಯೊಂದು ಮುಗಿದ ಮೇಲೆ ಒಬ್ಬ ಯುವತಿ ಎಲ್ಲರೂ ಹೋಗುವವರೆಗೆ ಕಾದು ನನ್ನನ್ನು ಕೇಳಿದ್ದಳು: "ಮೇಡಂ, ಅಡಿಕೆಯ ಬೂಷ್ಟಿಗೆ ಔಷಧ ಇದೆ. ಎದೆಗೆ ಬಂದ ಬೂಷ್ಟಿಗೆ ಏನು ಹಚ್ಚಬೇಕು?" ಆಕೆಯ ಮಗುವಿಗೆ ಆಗ ಐದು ವಾರ. ಔಷಧ ಅಂಗಡಿಯಿಂದ ತಂದ ಮುಲಾಮನ್ನು ಮೂರು ವಾರಗಳಿಂದ ಹಚ್ಚುತ್ತಿದ್ದಳು; ನೋವು ಕಡಿಮೆಯಾಗಿರಲಿಲ್ಲ. ಹಾಲುಣಿಸುವುದನ್ನೇ ಬಿಟ್ಟು ಡಬ್ಬಿಯ ಹಾಲಿನ ಪುಡಿಗೆ ಹೋಗೋಣವೆಂದು ಮನೆಯವರು ಹೇಳುತ್ತಿದ್ದರು. ನಾನು ಆಕೆಯನ್ನು ಆ ಊರಿನ ಆಶಾ ಕಾರ್ಯಕರ್ತೆಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದೆ. ಅಲ್ಲಿಯ ದಾದಿ ಮಗು ಹಾಲು ಕುಡಿಯುವುದನ್ನು ಹತ್ತು ನಿಮಿಷ ನೋಡಿದರು. ಆಕೆಗೆ ಶಿಲೀಂಧ್ರ ಸೋಂಕು ಇರಲೇ ಇಲ್ಲ. ಮಗು ತೊಟ್ಟಿನ ತುದಿಯನ್ನು ಮಾತ್ರ ಕಚ್ಚಿ ಹಿಡಿಯುತ್ತಿತ್ತು.

ನಾನು ವೈದ್ಯೆಯಲ್ಲ. ಇಲ್ಲಿ ಯಾವ ಔಷಧದ ಪ್ರಮಾಣವನ್ನೂ ನೀಡಿಲ್ಲ. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಆದರೆ ರೋಗವನ್ನು ಗುರುತಿಸದೆ ಔಷಧ ಸಿಂಪಡಿಸುವುದರಿಂದಾಗುವ ನಷ್ಟವನ್ನು ತೋಟಗಳಲ್ಲಿ ಸಾಕಷ್ಟು ಕಂಡಿದ್ದೇನೆ. ಅಡಿಕೆಯ ಎಳೆಕಾಯಿ ಉದುರಿದ ಕೂಡಲೇ ಕೊಳೆರೋಗವೆಂದು ಬೋರ್ಡೋ ಸಿಂಪಡಿಸುವವರಿದ್ದಾರೆ. ಕಾಯಿ ಉದುರುವುದಕ್ಕೆ ತಿಗಣೆ ಕಾರಣವಿರಬಹುದು, ಬೇಸಿಗೆಯ ನೀರಿನ ಕೊರತೆಯಿರಬಹುದು, ಪೋಷಕಾಂಶದ ಕೊರತೆಯಿರಬಹುದು. ಮೊಲೆತೊಟ್ಟಿನ ನೋವಿನ ವಿಷಯದಲ್ಲಿಯೂ ಹೀಗೆಯೇ ಆಗುತ್ತಿದೆ.

ಮೊದಲ ಕಾರಣ: ಮಗು ಮೊಲೆ ಹಿಡಿಯುವ ಕ್ರಮ

ಹೆರಿಗೆಯಾದ ಮೊದಲ ಕೆಲವು ದಿನಗಳಲ್ಲಿ ಮಗು ಬಾಯಿ ಹಾಕಿದ ಕ್ಷಣ ತೊಟ್ಟು ಸ್ವಲ್ಪ ನೋಯುವುದು ಸಾಮಾನ್ಯ. ಈ ನೋವು ಮಗು ಹಾಲು ಎಳೆಯತೊಡಗಿದ ಅರ್ಧ ನಿಮಿಷದೊಳಗೆ ಇಳಿಯಬೇಕು. ಒಂದೆರಡು ವಾರಗಳಲ್ಲಿ ಪೂರ್ತಿ ಹೋಗಬೇಕು. ಹಾಲುಣಿಸುವಷ್ಟು ಹೊತ್ತೂ ನೋವಿದ್ದರೆ, ತೊಟ್ಟು ಒಡೆದು ರಕ್ತ ಬಂದರೆ, ಮಗು ಅತ್ತ ಕೂಡಲೇ ತಾಯಿಗೆ ಭಯವಾಗುವಂತಿದ್ದರೆ ಅದನ್ನು ಸಹಿಸಿಕೊಳ್ಳಬೇಕಾಗಿಲ್ಲ. "ನಮಗೂ ಆಗಿತ್ತು, ಸರಿಯಾಗುತ್ತದೆ" ಎಂದು ಹಿರಿಯರು ಧೈರ್ಯ ಹೇಳುವುದು ಸಹಜ. ಆದರೆ ಆ ಮಾತಿನಿಂದಾಗಿಯೇ ಎಷ್ಟೋ ತಾಯಂದಿರು ಎರಡು ಮೂರು ವಾರ ಯಾರಿಗೂ ತೋರಿಸದೆ ಉಳಿಯುತ್ತಾರೆ. ಹಾಲು ಬತ್ತುವುದು ಹೆಚ್ಚಾಗಿ ಈ ವಾರಗಳಲ್ಲಿಯೇ. ನೋವಿಗೆ ಹೆದರಿ ಹಾಲುಣಿಸುವ ಅಂತರ ಹೆಚ್ಚುತ್ತದೆ, ಎದೆ ಪೂರ್ತಿ ಬರಿದಾಗುವುದಿಲ್ಲ, ಬರಿದಾಗದ ಎದೆಯಲ್ಲಿ ಹಾಲಿನ ಉತ್ಪತ್ತಿ ಇಳಿಯುತ್ತದೆ.

ತೊಟ್ಟಿನ ನೋವಿಗೆ ಅತಿ ಸಾಮಾನ್ಯ ಕಾರಣ ಮಗು ಮೊಲೆಯನ್ನು ಹಿಡಿಯುವ ಕ್ರಮ ತಪ್ಪಿರುವುದು. ಮಗು ಹಾಲನ್ನು ತೊಟ್ಟಿನಿಂದ ಮಾತ್ರ ಎಳೆಯುವುದಲ್ಲ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯಿಯೊಳಗೆ ಹೋಗಬೇಕು. ಆಗ ತೊಟ್ಟಿನ ತುದಿ ಮಗುವಿನ ಬಾಯಿಯ ಹಿಂಭಾಗದ ಮೃದುವಾದ ಅಂಗುಳದವರೆಗೆ ತಲುಪುತ್ತದೆ, ಅಲ್ಲಿ ಅದಕ್ಕೆ ಉಜ್ಜಾಟವಿರುವುದಿಲ್ಲ. ತುದಿಯನ್ನಷ್ಟೇ ಹಿಡಿದರೆ ನಾಲಿಗೆ ಮತ್ತು ಗಟ್ಟಿ ಅಂಗುಳದ ನಡುವೆ ಅದು ಸಿಕ್ಕಿ ನಜ್ಜುಗುಜ್ಜಾಗುತ್ತದೆ.

ಸರಿಯಾದ ಹಿಡಿತಕ್ಕೆ ನಾಲ್ಕು ಗುರುತುಗಳನ್ನು ಆಶಾ ಕಾರ್ಯಕರ್ತೆಯರಿಗೆ ಕಲಿಸಲಾಗುತ್ತದೆ, ಮನೆಯವರೂ ನೋಡಬಹುದು. ಮಗುವಿನ ಬಾಯಿ ದೊಡ್ಡದಾಗಿ ತೆರೆದಿರಬೇಕು. ಗಲ್ಲ ತಾಯಿಯ ಎದೆಗೆ ತಾಗಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಕಪ್ಪು ಭಾಗವು ಮಗುವಿನ ಮೇಲ್ತುಟಿಯ ಮೇಲೆ ಹೆಚ್ಚು, ಕೆಳತುಟಿಯ ಕೆಳಗೆ ಕಡಿಮೆ ಕಾಣಬೇಕು. ಮಗು ಬಾಯಿ ಬಿಟ್ಟ ಮೇಲೆ ತೊಟ್ಟನ್ನು ನೋಡಿದರೂ ತಿಳಿಯುತ್ತದೆ. ಅದು ಗುಂಡಗೆ, ಸ್ವಲ್ಪ ಉದ್ದವಾಗಿದ್ದರೆ ಸರಿ. ಒಂದು ಕಡೆ ಓರೆಯಾಗಿ ಒತ್ತಿ ಚಪ್ಪಟೆಯಾಗಿದ್ದರೆ, ತುದಿಯಲ್ಲಿ ಬಿಳಿ ಗೆರೆ ಬಿದ್ದಿದ್ದರೆ ಹಿಡಿತ ತಪ್ಪಿದೆಯೆಂದು ಅರ್ಥ.

ಹಿಡಿತ ಸರಿಪಡಿಸುವುದು ಎಂದರೆ ಎದೆಯನ್ನು ಮಗುವಿನ ಬಾಯಿಗೆ ತುರುಕುವುದಲ್ಲ, ಮಗುವನ್ನು ಎದೆಗೆ ತರುವುದು. ತಾಯಿ ಬೆನ್ನಿಗೆ ಆಸರೆ ಇಟ್ಟು ಕುಳಿತುಕೊಳ್ಳಬೇಕು. ಮಗುವಿನ ತಲೆ, ಕುತ್ತಿಗೆ, ದೇಹ ಒಂದೇ ನೇರದಲ್ಲಿದ್ದು, ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ತಲೆಯನ್ನಷ್ಟೇ ತಿರುಗಿಸಿ ಕುಡಿಯುವಂತಾಗಬಾರದು. ನಾವೇ ಕತ್ತು ಹೊರಳಿಸಿ ನೀರು ಕುಡಿದು ನೋಡಿದರೆ ಮಗುವಿನ ಕಷ್ಟ ತಿಳಿಯುತ್ತದೆ. ತೊಟ್ಟಿನಿಂದ ಮಗುವಿನ ಮೇಲ್ತುಟಿಯನ್ನು ಸವರಿ, ಆಕಳಿಸಿದಂತೆ ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾದು, ಆಗ ಮಗುವನ್ನು ಹತ್ತಿರಕ್ಕೆ ತರಬೇಕು. ನೋವು ಮುಂದುವರಿದರೆ ಎಳೆದು ಬಿಡಿಸಬಾರದು. ಶುಭ್ರವಾದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ಒಳಗಿಟ್ಟು ಹಿಡಿತ ಸಡಿಲಿಸಿ, ಮತ್ತೆ ಮೊದಲಿನಿಂದ ಆರಂಭಿಸಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲುಣಿಸುವ ತಾಯಿಗೆ ಇದು ತಾಳ್ಮೆಯ ಕೆಲಸ. ಎರಡು ಮೂರು ದಿನ ಮನೆಯ ಬೇರೆ ಕೆಲಸಗಳಿಂದ ಆಕೆಗೆ ಬಿಡುವು ಕೊಟ್ಟರೆ ಅದು ಯಾವ ಮುಲಾಮಿಗಿಂತಲೂ ಹೆಚ್ಚು ಉಪಯೋಗವಾಗುತ್ತದೆ.

ಕ್ರಮ ಸರಿಯಿದ್ದರೂ ನೋವು ಹೋಗದಿದ್ದಾಗ ಇತರ ಕಾರಣಗಳನ್ನು ನೋಡಬೇಕಾಗುತ್ತದೆ. ಮಗುವಿನ ನಾಲಿಗೆಯ ಅಡಿಯ ಪೊರೆ ಗಿಡ್ಡವಾಗಿ ನಾಲಿಗೆ ಮುಂದಕ್ಕೆ ಚಾಚದಿರಬಹುದು. ಕೆಲವು ತಾಯಂದಿರಿಗೆ ಹಾಲುಣಿಸಿದ ಮೇಲೆ, ಅದರಲ್ಲೂ ಮಳೆಯ ಚಳಿಯಲ್ಲಿ, ತೊಟ್ಟು ಬಿಳುಚಿಕೊಂಡು ನಂತರ ನೀಲಿ ಅಥವಾ ಕೆಂಪಾಗಿ ಉರಿಯುತ್ತದೆ. ಇದು ರಕ್ತನಾಳ ಸಂಕುಚಿತವಾಗುವುದರಿಂದ ಬರುವ ನೋವು, ಎದೆಯನ್ನು ಬೆಚ್ಚಗಿಟ್ಟರೆ ಕಡಿಮೆಯಾಗುತ್ತದೆ. ಸಾಬೂನು, ಬಟ್ಟೆಯ ಪುಡಿ ಅಥವಾ ಹಚ್ಚಿದ ಮುಲಾಮಿನಿಂದಲೇ ಚರ್ಮಕ್ಕೆ ಅಲರ್ಜಿ ಆಗಿರಬಹುದು. ಒಡೆದ ತೊಟ್ಟಿನ ಮೇಲೆ ಹಳದಿ ಹಕ್ಕಳೆ ಕಟ್ಟಿ ಕೀವು ಬಂದರೆ ಅದು ಬ್ಯಾಕ್ಟೀರಿಯಾ ಸೋಂಕು. ಅದಕ್ಕೆ ಶಿಲೀಂಧ್ರನಾಶಕ ಮುಲಾಮು ಕೆಲಸ ಮಾಡುವುದಿಲ್ಲ.

ಶಿಲೀಂಧ್ರ ಸೋಂಕು ಇರುವುದು ಹೇಗೆ ತಿಳಿಯುತ್ತದೆ?

ವೈದ್ಯರು ಥ್ರಷ್ ಎಂದು ಕರೆಯುವ ಈ ಸೋಂಕಿಗೆ ಕಾರಣ ಕ್ಯಾಂಡಿಡಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ. ಇದು ಹೊರಗಿನಿಂದ ಬಂದ ಶತ್ರುವಲ್ಲ. ಆರೋಗ್ಯವಂತರ ಬಾಯಿ, ಕರುಳು, ಯೋನಿ ಮತ್ತು ಚರ್ಮದ ಮೇಲೆ ಇದು ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ, ಇತರ ಸೂಕ್ಷ್ಮಜೀವಿಗಳು ಇದನ್ನು ಮಿತಿಯಲ್ಲಿಡುತ್ತವೆ. ತಾಯಿ ಅಥವಾ ಮಗು ಆಂಟಿಬಯೋಟಿಕ್ ಸೇವಿಸಿದಾಗ ಆ ಸೂಕ್ಷ್ಮಜೀವಿಗಳು ಸತ್ತು ಯೀಸ್ಟ್ ಬೆಳೆಯಲು ಅವಕಾಶವಾಗುತ್ತದೆ. ಸಿಸೇರಿಯನ್ ಆದ ತಾಯಂದಿರಿಗೆ ಆಂಟಿಬಯೋಟಿಕ್ ಕೊಡುವುದು ವಾಡಿಕೆಯಾದ್ದರಿಂದ ಇದನ್ನು ನೆನಪಿಡಬೇಕು. ತಾಯಿಗೆ ಮಧುಮೇಹವಿದ್ದರೆ, ಹೆರಿಗೆಯ ಸಮಯದಲ್ಲಿ ಯೋನಿಯಲ್ಲಿ ಈ ಸೋಂಕು ಇದ್ದಿದ್ದರೆ, ತೊಟ್ಟು ಈಗಾಗಲೇ ಒಡೆದಿದ್ದರೆ ಸಾಧ್ಯತೆ ಹೆಚ್ಚುತ್ತದೆ. ಮೈಯ ಶಾಖ ಮತ್ತು ಸದಾ ತೇವ, ಇವೆರಡೂ ಯೀಸ್ಟ್‌ಗೆ ಬೇಕಾದವು. ಹಾಲಿನಿಂದ ಒದ್ದೆಯಾದ ಬಿಗಿ ಉಡುಪಿನೊಳಗೆ ಎರಡೂ ಸಿಗುತ್ತವೆ.

ಇಲ್ಲಿ ಒಂದು ಮಾತು. ಅಡಿಕೆಯ ಕೊಳೆರೋಗಕ್ಕೂ ಈ ಸೋಂಕಿಗೂ ಸಂಬಂಧವಿಲ್ಲ. ಕೊಳೆರೋಗದ ಫೈಟಾಪ್ತೊರ ನಿಜವಾದ ಶಿಲೀಂಧ್ರವೂ ಅಲ್ಲ, ನೀರಿನಲ್ಲಿ ಹರಡುವ ಬೇರೆಯೇ ಗುಂಪಿನ ಜೀವಿ. ತೋಟದಲ್ಲಿ ಕೊಳೆ ಬಂದಿದೆಯೆಂದು ತಾಯಿಗೆ ಅಥವಾ ಮಗುವಿಗೆ ಅದು ಹರಡುವುದಿಲ್ಲ. ಈ ಭಯವನ್ನು ಕೇಳಿದ್ದೇನೆ, ಆದ್ದರಿಂದ ಬರೆದೆ.

ಥ್ರಷ್ ಇದ್ದಾಗ ನೋವು ಸಾಮಾನ್ಯವಾಗಿ ಕೆಲವು ವಾರ ನೋವಿಲ್ಲದೆ ಹಾಲುಣಿಸಿದ ಮೇಲೆ ಹೊಸದಾಗಿ ಆರಂಭವಾಗುತ್ತದೆ. ಎರಡೂ ಕಡೆ ಇರುತ್ತದೆ. ಹಾಲುಣಿಸುವಾಗ ಮಾತ್ರವಲ್ಲದೆ ಹಾಲುಣಿಸಿದ ನಂತರವೂ ಉರಿ, ತುರಿಕೆ ಉಳಿಯುತ್ತದೆ. ತೊಟ್ಟು ಮತ್ತು ಸುತ್ತಲಿನ ಚರ್ಮ ಕೆಂಪಾಗಿ ಹೊಳೆಯಬಹುದು, ಸಣ್ಣ ಹೊಟ್ಟು ಏಳಬಹುದು. ಮೊದಲ ದಿನದಿಂದಲೇ ಇರುವ, ಒಂದೇ ಕಡೆಯ, ಹಾಲುಣಿಸುವಾಗ ಮಾತ್ರ ಬರುವ ನೋವು ಬಹುತೇಕ ಹಿಡಿತದ ತಪ್ಪಿನಿಂದ ಬಂದುದು. ನೋವೊಂದನ್ನೇ ಆಧರಿಸಿ ಥ್ರಷ್ ಎಂದು ಹೇಳಲಾಗದು. ಚರ್ಮದ ಬದಲಾವಣೆಯನ್ನೂ ಮಗುವನ್ನೂ ನೋಡಲೇಬೇಕು.

ಮಗುವಿನ ಬಾಯಿಯನ್ನು ಹಗಲಿನ ಬೆಳಕಿನಲ್ಲಿ ನೋಡಿರಿ. ಕೆನ್ನೆಯ ಒಳಭಾಗ, ವಸಡು ಮತ್ತು ತುಟಿಯ ಒಳಗೆ ಮೊಸರಿನ ಚೂರಿನಂತಹ ಬಿಳಿ ತೇಪೆಗಳಿದ್ದು, ಶುಭ್ರವಾದ ಒದ್ದೆ ಬಟ್ಟೆಯಿಂದ ಮೆಲ್ಲನೆ ಸವರಿದರೂ ಹೋಗದಿದ್ದರೆ ಅದು ಥ್ರಷ್ ಇರಬಹುದು. ನಾಲಿಗೆಯ ಮೇಲೆ ಮಾತ್ರ ತೆಳುವಾದ ಬಿಳುಪಿದ್ದು ಸವರಿದರೆ ಹೋಗುವುದಾದರೆ ಅದು ಹಾಲು. ಬೋರ್ಡೋ ದ್ರಾವಣದಲ್ಲಿ ಚಾಕು ಅದ್ದಿ ತಾಮ್ರದ ಬಣ್ಣ ಹತ್ತುವುದೇ ಎಂದು ನೋಡುವಂತೆ, ಇದೂ ಖರ್ಚಿಲ್ಲದ ಪರೀಕ್ಷೆ. ಆದರೆ ಒಮ್ಮೆ ಸವರಿ ನೋಡಿದರೆ ಸಾಕು. ಬಿಳುಪು ಹೋಗಲೆಂದು ತಿಕ್ಕಿದರೆ ಕೆಳಗಿನ ಚರ್ಮ ಕಿತ್ತು ರಕ್ತ ಬರುತ್ತದೆ. ಮಗುವಿನ ತೊಡೆಸಂದು ಮತ್ತು ಗುದದ ಸುತ್ತ ಗಾಢ ಕೆಂಪು ದದ್ದು, ಅದರ ಅಂಚಿನಾಚೆ ಬಿಡಿಬಿಡಿಯಾಗಿ ಕೆಂಪು ಚುಕ್ಕೆಗಳಿದ್ದರೆ ಅದೂ ಇದೇ ಯೀಸ್ಟ್‌ನ ಲಕ್ಷಣ.

ಸೋಂಕು ಇದೆಯೆಂದು ವೈದ್ಯರು ನಿರ್ಧರಿಸಿದರೆ ತಾಯಿಗೂ ಮಗುವಿಗೂ ಒಟ್ಟಿಗೆ ಚಿಕಿತ್ಸೆ ಕೊಡುತ್ತಾರೆ. ಒಬ್ಬರಿಗೆ ಮಾತ್ರ ಔಷಧ ಕೊಟ್ಟರೆ ಸೋಂಕು ಮಗುವಿನ ಬಾಯಿಯಿಂದ ಎದೆಗೆ, ಎದೆಯಿಂದ ಬಾಯಿಗೆ ಹೋಗಿ ಬರುತ್ತಿರುತ್ತದೆ. ತಾಯಿಗೆ ಹಚ್ಚುವ ಶಿಲೀಂಧ್ರನಾಶಕ, ಮಗುವಿನ ಬಾಯಿಗೆ ಹನಿ ಅಥವಾ ಜೆಲ್ ಇರುತ್ತದೆ. ಜೆಲ್ ಕೊಟ್ಟಿದ್ದರೆ ಒಂದು ವಿಷಯದಲ್ಲಿ ಎಚ್ಚರ ಬೇಕು. ಒಮ್ಮೆಗೇ ಚಮಚದಲ್ಲಿ ಬಾಯಿಯ ಹಿಂಭಾಗಕ್ಕೆ ಹಾಕಿದರೆ ಎಳೆಮಗುವಿನ ಗಂಟಲಿನಲ್ಲಿ ಅದು ಸಿಕ್ಕಿ ಉಸಿರು ಕಟ್ಟಬಹುದು. ಶುಭ್ರವಾದ ಬೆರಳಿನಿಂದ ಸ್ವಲ್ಪ ಸ್ವಲ್ಪವಾಗಿ, ಕೆನ್ನೆಯ ಒಳಭಾಗಕ್ಕೆ, ಬಾಯಿಯ ಮುಂಭಾಗದಲ್ಲಿ ಸವರಬೇಕು. ನಾಲ್ಕು ತಿಂಗಳೊಳಗಿನ ಮಗುವಿಗೆ ಜೆಲ್ ಬಳಸುವ ಮುನ್ನ ವೈದ್ಯರನ್ನು ಮತ್ತೊಮ್ಮೆ ಕೇಳಿರಿ. ಬಿಳುಪು ಮಾಯವಾದ ಕೂಡಲೇ ಔಷಧ ನಿಲ್ಲಿಸದೆ ಹೇಳಿದಷ್ಟು ದಿನ ಮುಂದುವರಿಸಬೇಕು. ಪದೇ ಪದೇ ಥ್ರಷ್ ಆಗುತ್ತಿದ್ದರೆ ತಾಯಿಯ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಈ ಅವಧಿಯಲ್ಲಿ ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಥ್ರಷ್ ಇರುವ ತಾಯಿಯ ಹಾಲು ಕೆಟ್ಟ ಹಾಲಲ್ಲ. ಒಡೆದ ತೊಟ್ಟಿನಿಂದ ಹಾಲಿನಲ್ಲಿ ರಕ್ತ ಸೇರಿದರೂ ಮಗುವಿಗೆ ಅಪಾಯವಿಲ್ಲ. ಮಗು ಕಕ್ಕಿದಾಗ ಕೆಂಪು ಗೆರೆ ಕಂಡರೆ ಗಾಬರಿಯಾಗದೆ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿರಿ. ನೋವು ತಡೆಯಲಾಗದಿದ್ದರೆ ಮೊದಲು ಕಡಿಮೆ ನೋವಿರುವ ಕಡೆಯಿಂದ ಕುಡಿಸಿರಿ. ಅದೂ ಆಗದಿದ್ದರೆ ಒಂದೆರಡು ದಿನ ಕೈಯಿಂದ ಹಾಲು ಹಿಂಡಿ ಚಮಚ ಅಥವಾ ಸಣ್ಣ ಲೋಟದಿಂದ ಕುಡಿಸಬಹುದು. ಬಾಟಲಿ ಬೇಡ, ಬಾಟಲಿಯ ನಿಪ್ಪಲ್ ಯೀಸ್ಟ್ ಉಳಿಯುವ ಜಾಗವೂ ಹೌದು, ಹಿಡಿತ ಮರೆಸುವ ಸಾಧನವೂ ಹೌದು. ಹಿಂಡಿದ ಹಾಲನ್ನು ಮುಚ್ಚಿಟ್ಟು ಹೊರಗೆ ನಾಲ್ಕು ಗಂಟೆಯೊಳಗೆ, ಫ್ರಿಜ್‌ನಲ್ಲಿಟ್ಟರೆ 24 ಗಂಟೆಯೊಳಗೆ ಬಳಸುವುದು ಕ್ಷೇಮ.

ಹಚ್ಚಬಾರದವು

ಕೊಟ್ಟಿಗೆಯಿರುವ ಮನೆಗಳಲ್ಲಿ ಹಸುವಿನ ಮೊಲೆ ಒಡೆದಾಗ ಹಚ್ಚುವ ಮುಲಾಮು, ಕೆಚ್ಚಲು ಬಾವಿಗೆ ಮೊಲೆಯೊಳಗೆ ಏರಿಸುವ ಟ್ಯೂಬು, ಹಾಲು ಕರೆದ ನಂತರ ಮೊಲೆ ಅದ್ದುವ ಅಯೋಡಿನ್ ದ್ರಾವಣ ಇರುತ್ತವೆ. "ಹಸುವಿಗೆ ಒಂದೇ ದಿನದಲ್ಲಿ ಗುಣವಾಯಿತು" ಎಂದು ತಾಯಂದಿರೂ ಹಚ್ಚಿಕೊಂಡದ್ದಿದೆ. ಇದು ಖಂಡಿತ ಕೂಡದು. ಹಸುವಿಗೆ ಔಷಧ ಕೊಟ್ಟ ಮೇಲೆ ಕೆಲವು ದಿನ ಡೈರಿಗೆ ಹಾಲು ಹಾಕಬಾರದೆಂಬ ನಿಯಮವಿದೆ. ತಾಯಿಯ ವಿಷಯದಲ್ಲಿ ಅಂತಹ ಬಿಡುವು ಇಲ್ಲ. ಹಚ್ಚಿದ್ದು ಮುಂದಿನ ಎರಡು ಗಂಟೆಯೊಳಗೆ ಮಗುವಿನ ಬಾಯಿಗೆ ಹೋಗುತ್ತದೆ.

ಔಷಧ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುವ, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮತ್ತು ಪ್ರಬಲ ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಮುಲಾಮುಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಸ್ಟೀರಾಯ್ಡ್‌ನಿಂದ ಉರಿ ಎರಡು ದಿನದಲ್ಲಿ ತಗ್ಗುತ್ತದೆ, ಗುಣವಾಯಿತೆನಿಸುತ್ತದೆ. ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸೋಂಕು ಒಳಗೊಳಗೇ ಬೆಳೆಯುತ್ತದೆ. ಯಾವ ಕೀಟಕ್ಕೆಂದು ತಿಳಿಯದೆ ಮೂರು ಕೀಟನಾಶಕ ಬೆರೆಸಿ ಹೊಡೆಯುವ ಅಭ್ಯಾಸಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಮಗುವಿನ ಬಾಯಿಗೆ ಜೇನುತುಪ್ಪ ಸವರುವ ರೂಢಿ ಇನ್ನೂ ಇದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಕಗಳು ಮಗುವಿನ ಕರುಳಿನಲ್ಲಿ ಮೊಳೆತು ಜೀವಕ್ಕೆ ಅಪಾಯ ತರಬಲ್ಲವು. ಮನೆಯಲ್ಲಿಯೇ ತುಪ್ಪವಾದ ಕಲಬೆರಕೆಯಿಲ್ಲದ ಜೇನು ಎಂಬುದರಿಂದ ಈ ಅಪಾಯ ತಪ್ಪುವುದಿಲ್ಲ. ಹಿಂದೆ ಬಳಸುತ್ತಿದ್ದ ಬೋರೋಗ್ಲಿಸರಿನ್ ಕೂಡ ಬೇಡ. ಅದರಲ್ಲಿರುವ ಬೋರಿಕ್ ಆಮ್ಲ ಎಳೆಮಕ್ಕಳಿಗೆ ವಿಷ. ನೇರಳೆ ಬಣ್ಣದ ಜೆಂಷನ್ ವಯೊಲೆಟ್ ಒಂದು ಕಾಲದಲ್ಲಿ ಪ್ರತಿ ಮನೆಯಲ್ಲಿತ್ತು. ಗಾಢವಾಗಿ ಅಥವಾ ಹಲವು ದಿನ ಹಚ್ಚಿದರೆ ಅದರಿಂದಲೇ ಮಗುವಿನ ಬಾಯಿ ಹುಣ್ಣಾಗುತ್ತದೆ. 2019ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಕ್ಯಾನ್ಸರ್ ಸಂಶಯದ ಕಾರಣಕ್ಕಾಗಿ ಇದನ್ನು ಬಳಸದಂತೆ ಎಚ್ಚರಿಸಿತು. ಬಜೆ ತೇಯ್ದು ನೆಕ್ಕಿಸುವುದನ್ನೂ ಆರು ತಿಂಗಳವರೆಗೆ ಬಿಡಬೇಕು. ಆ ಅವಧಿಯಲ್ಲಿ ವೈದ್ಯರು ಹೇಳಿದ ಔಷಧವನ್ನುಳಿದು ಎದೆಹಾಲಲ್ಲದೆ ಬೇರೇನೂ ಮಗುವಿನ ಬಾಯಿಗೆ ಹೋಗಬಾರದು.

ಹಾಗಾದರೆ ಹಚ್ಚಬೇಕಾದ್ದು ಏನು? ಹಾಲುಣಿಸಿದ ಮೇಲೆ ಕೊನೆಯ ಕೆಲವು ಹನಿ ಹಾಲನ್ನೇ ತೊಟ್ಟಿಗೆ ಸವರಿ ಗಾಳಿಗೆ ಒಣಗಲು ಬಿಟ್ಟರೆ ಸಾಮಾನ್ಯ ಒಡಕಿಗೆ ಸಾಕು. ಥ್ರಷ್ ಸಂಶಯವಿದ್ದಾಗ ಮಾತ್ರ ತೊಟ್ಟನ್ನು ಬರಿಯ ನೀರಿನಿಂದ ಒರೆಸಿ ಒಣಗಿಸುವುದು ಮೇಲು. ಸಾಬೂನನ್ನು ತೊಟ್ಟಿಗೆ ಹಾಕಬಾರದು. ದಿನಕ್ಕೊಮ್ಮೆ ಸ್ನಾನದ ನೀರು ಹರಿದರೆ ಶುಚಿಗೆ ಅಷ್ಟೇ ಸಾಕು.

ಮಳೆಗಾಲದ ತೇವ

ನಮ್ಮ ಭಾಗದಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರಿನಲ್ಲಿ ಮೀಯಿಸುವ ಪದ್ಧತಿ ಒಳ್ಳೆಯದೇ. ಬಚ್ಚಲಿನಿಂದ ಬಂದ ಮೇಲೆ ಎದೆಯ ಭಾಗವನ್ನು ಸರಿಯಾಗಿ ಒಣಗಿಸದೆ ಬಿಗಿಯಾದ ರವಿಕೆ ತೊಡಿಸಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊದಿಸಿ ಮಲಗಿಸುವುದರಿಂದ ತೊಂದರೆಯಾಗುತ್ತದೆ. ಮಿಂದ ಮೇಲೆ, ಪ್ರತಿ ಬಾರಿ ಹಾಲುಣಿಸಿದ ಮೇಲೆ ಐದು ಹತ್ತು ನಿಮಿಷ ಎದೆಗೆ ಗಾಳಿಯಾಡಲು ಬಿಡಬೇಕು. ಇದಕ್ಕೆ ಮನೆಯಲ್ಲಿ ಒಂದಿಷ್ಟು ಏಕಾಂತ ಬೇಕಾಗುತ್ತದೆ; ಅದನ್ನು ಒದಗಿಸುವುದು ಮನೆಯವರ ಹೊಣೆ.

ಹಾಲು ಸೋರುತ್ತಿದ್ದರೆ ಹಳೆಯ ಮೆತ್ತನೆಯ ಹತ್ತಿ ಪಂಚೆಯನ್ನು ಗುಂಡಗೆ ಕತ್ತರಿಸಿ ನಾಲ್ಕು ಪದರ ಹೊಲಿದು ಒಳಗಿಟ್ಟುಕೊಳ್ಳಬಹುದು. ಹನ್ನೆರಡು ಹದಿನೈದು ತುಂಡುಗಳಿದ್ದರೆ ಒದ್ದೆಯಾದಾಗಲೆಲ್ಲ ಬದಲಿಸಬಹುದು. ಒಳಭಾಗದಲ್ಲಿ ಪ್ಲಾಸ್ಟಿಕ್ ಹಾಳೆಯಿರುವ ಪ್ಯಾಡ್ ತೇವವನ್ನು ಹಿಡಿದಿಡುತ್ತದೆ. ಈ ತುಂಡುಗಳು, ಒಳಉಡುಪು, ಮಗುವಿನ ಬಟ್ಟೆಗಳನ್ನು ಥ್ರಷ್ ಇರುವಷ್ಟು ದಿನ ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ತೊಳೆಯಬೇಕು. ಬಚ್ಚಲೊಲೆಯ ಹಂಡೆ ಇದಕ್ಕೆ ಅನುಕೂಲ. ಆಟಿ ತಿಂಗಳಲ್ಲಿ ಬಿಸಿಲು ಕಾಣುವುದೇ ಅಪರೂಪವಾದ್ದರಿಂದ, ಅರೆ ಒಣಗಿದ ಬಟ್ಟೆಯನ್ನು ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿದ ಮೇಲೆಯೇ ತೊಡಬೇಕು. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡು ಮಾಡಿಕೊಂಡವರು ಮಳೆಗಾಲದಲ್ಲಿ ಅದು ಖಾಲಿಯಿರುವಾಗ ಬಾಣಂತಿಯ ಬಟ್ಟೆಗೆ ಉಪಯೋಗಿಸಬಹುದು. ಅಲ್ಲಿ ಮೈಲುತುತ್ತದ ಚೀಲ, ಕಳೆನಾಶಕದ ಡಬ್ಬಿ ಇಟ್ಟಿರಬಾರದು, ಅಷ್ಟೇ.

ತೋಟದ ಕೆಲಸ ಮತ್ತು ಹಾಲುಣಿಸುವ ತಾಯಿ

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಮುಂಗಾರು ಆರಂಭಕ್ಕೆ ಮೊದಲೊಮ್ಮೆ, 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸುತ್ತೇವೆ. ಮರವೇರಿ ಅಥವಾ ಕಾರ್ಬನ್ ಫೈಬರ್ ದೋಟಿ ಹಿಡಿದು ಸಿಂಪಡಿಸುವವರು ಗಂಡಸರಾದರೂ, ಸುಣ್ಣ ಅರಳಿಸುವುದು, ದ್ರಾವಣ ಕದಡುವುದು, ಕೊನೆಯಲ್ಲಿ ಆ ಬಟ್ಟೆಗಳನ್ನು ಒಗೆಯುವುದು ಹೆಚ್ಚಿನ ಮನೆಗಳಲ್ಲಿ ಹೆಂಗಸರ ಪಾಲಿಗೆ ಬರುತ್ತದೆ. ಸುಣ್ಣ ಚರ್ಮವನ್ನು ಸುಡುತ್ತದೆ, ಮೈಲುತುತ್ತ ಕೆರಳಿಸುತ್ತದೆ. ಒಡೆದ ತೊಟ್ಟಿರುವ ತಾಯಿಯ ಒಳಉಡುಪು ಅದೇ ಬಕೆಟಿನಲ್ಲಿ ನೆನೆದರೆ ನೋವು ಯಾವುದರಿಂದ ಬಂತೆಂದು ಗುರುತಿಸುವುದೂ ಕಷ್ಟವಾಗುತ್ತದೆ.

ಹಾಲುಣಿಸುವ ತಾಯಿ ಈ ಕೆಲಸಗಳಿಂದ ದೂರವಿರಬೇಕು. ಸಿಂಪಡಣೆಯ ಬಟ್ಟೆಯನ್ನು ಬೇರೆ ಬಕೆಟಿನಲ್ಲಿ ಬೇರೆಯಾಗಿ, ಸಾಧ್ಯವಾದರೆ ಸಿಂಪಡಿಸಿದವರೇ ಒಗೆಯಬೇಕು. ಸಿಂಪಡಿಸಿ ಬಂದವರು ಮಿಂದು ಬಟ್ಟೆ ಬದಲಿಸದೆ ಮಗುವನ್ನು ಎತ್ತಿಕೊಳ್ಳಬಾರದು. ಕಳೆನಾಶಕ, ಕೀಟನಾಶಕಗಳಿಗೆ ಈ ಮಾತು ಇನ್ನೂ ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ.

ಈ ಮೂರೂ ತಾಲ್ಲೂಕುಗಳಲ್ಲಿ ಮನೆಯಲ್ಲಿಯೇ ಬೀಡಿ ಕಟ್ಟುವ ತಾಯಂದಿರು ಬಹಳ. ಹೊಗೆಸೊಪ್ಪಿನ ಹುಡಿ ಬೆರಳಿಗೂ ಸೆರಗಿಗೂ ಹತ್ತಿರುತ್ತದೆ. ನಿಕೋಟಿನ್ ಚರ್ಮದ ಮೂಲಕವೂ ಒಳಹೋಗುತ್ತದೆ. ಸೂಪಿನ ಮುಂದೆ ಕುಳಿತಲ್ಲಿಂದಲೇ ಮಗುವನ್ನು ಎತ್ತಿ ಹಾಲುಣಿಸುವ ಬದಲು ಎದ್ದು ಸಾಬೂನಿನಿಂದ ಕೈ ತೊಳೆದು, ಮೇಲುಡುಪು ಬದಲಿಸಿ ಹಾಲುಣಿಸಬೇಕು. ಗೇರುಬೀಜದ ಕೆಲಸ ಮಾಡುವವರಿಗೆ ಸಿಪ್ಪೆಯ ಎಣ್ಣೆ ತಾಗಿದ ಚರ್ಮ ಸುಡುವುದು ಗೊತ್ತೇ ಇದೆ. ಆ ಕೈ ಎದೆಗೆ ತಾಗದಂತೆ ನೋಡಿಕೊಳ್ಳಬೇಕು. ಅಡಿಕೆ ಸುಲಿಯಲು, ರಬ್ಬರ್ ಟ್ಯಾಪಿಂಗ್‌ಗೆ ಅಥವಾ ಕಾರ್ಖಾನೆಗೆ ಹೋಗಿ ಐದಾರು ಗಂಟೆ ಮಗುವಿನಿಂದ ದೂರವಿರುವ ತಾಯಿ ನಡುವೆ ಒಮ್ಮೆಯಾದರೂ ಹಾಲು ಹಿಂಡಬೇಕು. ತುಂಬಿ ಬಿಗಿದ ಎದೆಯಲ್ಲಿ ತೊಟ್ಟು ಚಪ್ಪಟೆಯಾಗುತ್ತದೆ, ಹಸಿದು ಕಾದಿದ್ದ ಮಗುವಿಗೆ ಸರಿಯಾಗಿ ಹಿಡಿಯಲಾಗುವುದಿಲ್ಲ, ತುದಿಯನ್ನೇ ಕಚ್ಚುತ್ತದೆ. ಮಗುವಿಗೆ ಕೊಡುವ ಮೊದಲು ಸ್ವಲ್ಪ ಹಾಲನ್ನು ಹಿಂಡಿ ಕಪ್ಪು ಭಾಗವನ್ನು ಮೆದುವಾಗಿಸಿಕೊಂಡರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಒಂದು ಕಡೆಯ ಎದೆ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ ನೋಯುತ್ತಿದ್ದು ಚಳಿಜ್ವರ ಬಂದರೆ ಅದು ಸ್ತನದ ಉರಿಯೂತ. ಬಲವಾಗಿ ತಿಕ್ಕಿ ಗಂಟು ಕರಗಿಸಲು ಹೋಗಬಾರದು. ಒಳಗಿನ ಬಾವು ಹೆಚ್ಚುತ್ತದೆ. ತಣ್ಣನೆಯ ಬಟ್ಟೆ ಇಟ್ಟು, ಎಂದಿನಂತೆ ಹಾಲುಣಿಸುತ್ತಾ, 24 ಗಂಟೆಯೊಳಗೆ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಥವಾ ಕೀವು ಬಂದರೆ ಕಾಯುವುದೇ ಬೇಡ. ಹಿಡಿತ ಸರಿಪಡಿಸಿ ಒಂದು ವಾರವಾದರೂ ನೋವು ಹಾಗೆಯೇ ಇದ್ದರೆ ಪರೀಕ್ಷೆ ಬೇಕು. ಒಂದೇ ತೊಟ್ಟಿನ ಮೇಲೆ ಕಜ್ಜಿಯಂತಹ ಹುಣ್ಣು ಚಿಕಿತ್ಸೆಯ ನಂತರವೂ ಕೆಲವು ವಾರ ಮಾಯದೆ ಉಳಿದರೆ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ಅಪರೂಪಕ್ಕೆ ಅದು ಕ್ಯಾನ್ಸರಿನ ಲಕ್ಷಣವಾಗಿರುತ್ತದೆ.

ಮಗುವಿನ ಕಡೆಯಿಂದ ನೋಡುವುದಾದರೆ, ಐದನೆಯ ದಿನದ ನಂತರ ದಿನಕ್ಕೆ ಆರು ಬಾರಿಗಿಂತ ಕಡಿಮೆ ಮೂತ್ರ ಮಾಡುವುದು, ಎರಡು ವಾರವಾದರೂ ಹುಟ್ಟಿದಾಗಿನ ತೂಕಕ್ಕೆ ಮರಳದಿರುವುದು ಹಾಲು ಸಾಕಾಗುತ್ತಿಲ್ಲವೆಂಬುದರ ಸೂಚನೆ. ಹಾಲು ಕುಡಿಯಲು ನಿರಾಕರಿಸಿ ಮಂಕಾಗಿ ಮಲಗಿರುವ ಮಗುವನ್ನು, ಎರಡು ತಿಂಗಳೊಳಗೆ ಜ್ವರ ಬಂದ ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನಗಳಂದು ಭೇಟಿ ನೀಡಬೇಕೆಂಬ ನಿಯಮವಿದೆ. ಆಗ ತೂಕ ಬರೆಸಿಕೊಂಡು ಕಳುಹಿಸಿಬಿಡಬೇಡಿರಿ. "ಮಗು ಹಾಲು ಕುಡಿಯುವುದನ್ನು ಒಮ್ಮೆ ಪೂರ್ತಿ ನೋಡಿ" ಎಂದು ಕೇಳಿರಿ. ಮೊದಲೆರಡು ಭೇಟಿಗಳಲ್ಲಿಯೇ ಕೇಳಿದರೆ ಇನ್ನೂ ಒಳ್ಳೆಯದು. ತವರಿಗೆ ಬಾಣಂತನಕ್ಕೆ ಹೋಗಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿಗೆ ಮೊದಲೇ ತಿಳಿಸಿರಬೇಕು, ಇಲ್ಲವಾದರೆ ಎರಡೂ ಊರಿನ ಪಟ್ಟಿಯಿಂದ ಹೆಸರು ತಪ್ಪಿಹೋಗುತ್ತದೆ. ಬಂಟ್ವಾಳ ಮತ್ತು ಬೆಳ್ತಂಗಡಿಯಲ್ಲಿ ತಾಲ್ಲೂಕು ಆಸ್ಪತ್ರೆಗಳು, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರ, ಹೆಚ್ಚಿನ ಚಿಕಿತ್ಸೆಗೆ ಮಂಗಳೂರಿನ ಲೇಡಿಗೋಷನ್ ಸರ್ಕಾರಿ ಹೆರಿಗೆ ಆಸ್ಪತ್ರೆ ಇವೆ. ಸಲಹೆಗೆ ಆರೋಗ್ಯವಾಣಿ 104, ತುರ್ತಿಗೆ 108 ಸಂಖ್ಯೆಗೆ ಕರೆ ಮಾಡಬಹುದು.